ಎಡಗಾಲು ಕಲಿತ ಪೆಡಲ್

ನನ್ನ ಹೆಂಡತಿಯೂ ನಾನೂ ಹುಣಸೂರಿನ ಒಂದೇ ಆರ್ಕೆಸ್ಟ್ರಾದವರು. ಅವಳು ಹಾಡುತ್ತಾಳೆ, ನಾನು ಗಿಟಾರ್ ನುಡಿಸುತ್ತೇನೆ. ಹಗಲು ನಾನು ಪ್ಲೈವುಡ್ ಅಂಗಡಿಯಲ್ಲಿ, ಅವಳು ಹೊಲಿಗೆ ಮಿಷಿನ್ನಿನ ಮುಂದೆ. ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ ಅಂತ ಕರೆ ಬಂದರೆ ಪಿರಿಯಾಪಟ್ಟಣವಾಗಲಿ, ಎಚ್.ಡಿ. ಕೋಟೆಯಾಗಲಿ, ಬೈಕಿನಲ್ಲೇ ಹೊರಡುತ್ತಿದ್ದೆವು. ಅವಳ ಬೆನ್ನಿಗೆ ಗಿಟಾರ್, ನನ್ನ ಮುಂದೆ ಟ್ಯಾಂಕಿನ ಮೇಲೆ ಪ್ರೊಸೆಸರ್.

ಪ್ರೊಸೆಸರ್ ಅಂದರೆ ಗಿಟಾರಿನ ಸಪ್ಪೆ ದನಿಗೆ ಉಪ್ಪು ಖಾರ ಹಾಕುವ ಪೆಟ್ಟಿಗೆ. ಗಿಟಾರಿನ ವೈರು ಅದರೊಳಗೆ ಹೋಗಿ ಹೊರಬರುವಷ್ಟರಲ್ಲಿ ದನಿ ಮಾರ್ದನಿಗೊಳ್ಳುತ್ತದೆ, ಒರಟಾಗುತ್ತದೆ, ಬೇಕೆಂದರೆ ಕೊಳಲಿನಷ್ಟು ತೆಳುವಾಗುತ್ತದೆ. ನೆಲದ ಮೇಲಿಟ್ಟು ಕಾಲಲ್ಲಿ ಗುಂಡಿ ಒತ್ತಬೇಕು. ನನ್ನದು ದೊಡ್ಡದು. ಆರು ಗುಂಡಿ, ಬಲತುದಿಯಲ್ಲಿ ಪಾದದಷ್ಟೇ ಉದ್ದದ ಒಂದು ಪೆಡಲ್. ಪಾದ ಮುಂದಕ್ಕೆ ಬಾಗಿಸಿದರೆ ದನಿ ಉಕ್ಕುತ್ತದೆ, ಹಿಂದಕ್ಕೆ ತಂದರೆ ಇಳಿಯುತ್ತದೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ವೀರನಹೊಸಹಳ್ಳಿಯ ಮದುವೆ ಮುಗಿಸಿಕೊಂಡು ಬರುತ್ತಿದ್ದೆ. ಅವಳಿಗೆ ಜ್ವರ, ಅಂದು ನಾನೊಬ್ಬನೇ. ಮಳೆಗೆ ಒದ್ದೆಯಾದ ತಿರುವಿನಲ್ಲಿ ಬೈಕು ಜಾರಿತು. ಪ್ರೊಸೆಸರ್ ಎರಡು ಹೋಳಾಯಿತು, ನನ್ನ ಬಲಗಾಲಿನ ಪಾದದ ಕೀಲೂ ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿದರು. ಆರು ತಿಂಗಳಿಗೆ ಕುಂಟುತ್ತಲಾದರೂ ನಡೆದೆ. ಪಾದ ಮಾತ್ರ ಬಾಗುವುದನ್ನು ಮರೆತುಬಿಟ್ಟಿತ್ತು.

ಮತ್ತೆ ನುಡಿಸಲು ಹೋಗಬೇಕೆಂದರೆ ಹೊಸ ಪೆಟ್ಟಿಗೆ ಬೇಕು. ಈ ಸಲ ಚಿಕ್ಕದೇ ಸಾಕು ಅಂತ ಎಲ್ಲರಿಗೂ ಹೇಳಿದೆ. ಊಟದ ಡಬ್ಬಿಯಷ್ಟಿರುತ್ತದೆ, ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತಬಹುದು.

“ಒಳ್ಳೇದೇ ಆಯ್ತು ಬುಡ್ಲಾ,” ಅಂದ ನಮ್ಮ ಕೀಬೋರ್ಡಿನವನು. ತಂಡ ಕಟ್ಟಿದವನೇ ಅವನು. “ಈಗೆಲ್ಲಾ ಚಿಕ್ಕದ್ರಲ್ಲೂ ಅದೇ ಸೌಂಡ್ ಬತ್ತದೆ.”

ಅದು ನಿಜವೇ. ಆದರೆ ನನ್ನ ಕಾರಣ ಬೇರೆ. ಚಿಕ್ಕದರಲ್ಲಿ ಪೆಡಲ್ ಇರುವುದಿಲ್ಲ. ಇಲ್ಲದ ಪೆಡಲನ್ನು ಯಾಕೆ ತುಳಿಯುತ್ತಿಲ್ಲ ಅಂತ ಯಾರೂ ಕೇಳುವುದಿಲ್ಲ.

ಒಂದು ಭಾನುವಾರ ಇಬ್ಬರೂ ಮೈಸೂರಿನ ಅಂಗಡಿಗೆ ಹೋದೆವು. ಅಂಗಡಿಯವರು ಚಿಕ್ಕದನ್ನೂ ದೊಡ್ಡದನ್ನೂ ಪಕ್ಕಪಕ್ಕ ಇಟ್ಟರು. ಮೊದಲು ಚಿಕ್ಕದು. ದನಿ ಚೆನ್ನಾಗಿಯೇ ಇತ್ತು. ಆದರೆ ಇದ್ದ ಎರಡು ಗುಂಡಿಗಳು ತೀರಾ ಹತ್ತಿರ, ನನ್ನ ಮರಗಟ್ಟಿದ ಪಾದ ಎರಡನ್ನೂ ಒಟ್ಟಿಗೆ ಒತ್ತಿ ದನಿ ನಿಂತೇಹೋಯಿತು.

“ರೂಢಿ ಆಗುತ್ತೆ ಸಾರ್,” ಅಂದರು ಅಂಗಡಿಯವರು. “ಬೇಕಾದ್ರೆ ಇದಕ್ಕೇ ಬೇರೆ ಪೆಡಲ್ ಸೇರಿಸ್ಕೋಬಹುದು.”

“ಪೆಡಲ್ ಬೇಡ,” ಅಂದೆ. ಅಷ್ಟು ಬಿರುಸಾಗಿ ಹೇಳಬಾರದಿತ್ತೇನೋ. ಸ್ಟೂಲಿನ ಮೇಲೆ ಕುಳಿತಿದ್ದ ಹೆಂಡತಿ ತಲೆಯೆತ್ತಿ ನೋಡಿದಳು.

“ಆ ದೊಡ್ಡದನ್ನೂ ಒಂದ್ಸಲ ನುಡ್ಸಿ ನೋಡ್ರೀ.”

“ಅದನ್ನ ಹೊರೋಕಾಗಲ್ಲ ಕಣೇ.”

“ಹೊರೋಳು ನಾನು. ನೀವು ನುಡ್ಸಿ.”

ಪೆಡಲಿನ ಮೇಲೆ ಪಾದವಿಟ್ಟೆ. ಬಾಗಲಿಲ್ಲ. ಮೊಣಕಾಲಿನಿಂದ ಇಡೀ ಕಾಲನ್ನೇ ಎತ್ತಿ ಒತ್ತಿದಾಗ ದನಿ ಬೆಚ್ಚಿದಂತೆ ಹಾರಿ ದೊಪ್ಪನೆ ಬಿತ್ತು. ನಾಚಿಕೆಯಾಗಿ, ಶ್ರುತಿ ಮಾಡುವವನಂತೆ ತಲೆ ತಗ್ಗಿಸಿದೆ. ಅವಳು ಎದ್ದು ಬಂದು ನನಗಷ್ಟೇ ಕೇಳುವಂತೆ ಕೇಳಿದಳು.

“ಕಾಲು ಬಾಗಲ್ಲ ಅಂತ ನಂಗ್ಯಾಕೆ ಯೋಳ್ಲಿಲ್ಲ?”

“ಯೋಳಿ ಏನ್ಮಾಡೋದು?”

“ಎಡಗಾಲಿಲ್ವಾ ನಿಮ್ಗೆ? ಮಿಷಿನ್ನು ನಾನು ಎರಡು ಕಾಲಲ್ಲೂ ತುಳಿಯಲ್ವಾ?” ಪೆಡಲಿನ ಕಡೆ ಕೈತೋರಿಸಿ ಹೇಳಿದಳು, “ನಿಮ್ ಗಿಟಾರು ಏರ್ತದಲ್ಲ, ಆವಾಗ್ಲೇ ಕಣ್ರೀ ನಾನು ಉಸುರು ತಗೊಳ್ಳೋದು. ಅದಿಲ್ದೆ ನಾನೆಂಗೆ ಹಾಡ್ಲಿ?”

ಒಂಬತ್ತು ವರ್ಷ ಜೊತೆಗೆ ವೇದಿಕೆ ಹತ್ತಿದ್ದೇನೆ, ಇದು ನನಗೆ ಗೊತ್ತೇ ಇರಲಿಲ್ಲ. ದೊಡ್ಡದನ್ನೇ ತೆಗೆದುಕೊಂಡೆವು. ಹುಣಸೂರಿನವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನನಗೆ ಕೊಡಲಿಲ್ಲ.

ಪೆಡಲ್ ಬಲತುದಿಗಿದ್ದುದರಿಂದ ಪೆಟ್ಟಿಗೆಯನ್ನು ಎಡಕ್ಕೆ ಸರಿಸಿ ಕುರ್ಚಿಯಲ್ಲಿ ಕುಳಿತು ಅಭ್ಯಾಸ ಶುರುಮಾಡಿದೆ. ಎಡಗಾಲಿಗೆ ಲೆಕ್ಕವೇ ಸಿಗದು. ಕೈ ಒಂದು ಕಡೆ ಹೋದರೆ ಕಾಲು ಇನ್ನೊಂದು ಕಡೆ. ಒಂದು ಸಂಜೆ ಅವಳು ಹೊಲಿಗೆ ಬಿಟ್ಟು ಬಂದು ನೆಲದ ಮೇಲೆ ಕುಳಿತು ನನ್ನ ಪಾದವನ್ನು ಎರಡೂ ಕೈಯಲ್ಲಿ ಹಿಡಿದಳು.

“ಕಾಲ್ಯಾಕೆ ಇಡ್ಕತೀಯ, ಬುಡು,” ಅಂತ ಎಳೆದುಕೊಂಡೆ.

“ದಿನಾ ಊರೋರ ಅಳ್ತೆ ತಗೊಳ್ಳೋಳಿಗೆ ಕಾಲೇನು ಕೈಯೇನು? ಸುಮ್ಕಿರಿ.”

ಸಣ್ಣ ದನಿಯಲ್ಲಿ ಹಾಡುತ್ತಾ, ಎಲ್ಲಿ ಏರಬೇಕೋ ಅಲ್ಲಿ ಪಾದವನ್ನು ಮೆಲ್ಲಗೆ ಮುಂದಕ್ಕೆ ಒತ್ತಿದಳು, ಎಲ್ಲಿ ಇಳಿಯಬೇಕೋ ಅಲ್ಲಿ ಹಿಂದಕ್ಕೆ ತಂದಳು. ಅವಳ ಬೆರಳುಗಳಲ್ಲಿ ಸೂಜಿ ಚುಚ್ಚಿದ ಒರಟು ಗಂಟುಗಳಿದ್ದವು. ನಾನು ನುಡಿಸುವುದನ್ನು ಮರೆತು ಅವಳ ಬೈತಲೆಯನ್ನೇ ನೋಡುತ್ತಿದ್ದೆ. “ತಂತಿ ಮುಟ್ರೀ,” ಅಂತ ಗದರಿದಳು. ಎರಡು ತಿಂಗಳು ಹೀಗೆ ನಡೆಯಿತು.

ಮೊದಲ ಕಾರ್ಯಕ್ರಮ ಪಿರಿಯಾಪಟ್ಟಣದ ಒಂದು ಆರತಕ್ಷತೆ. ಮೊದಲ ಹಾಡು ಸರಾಗವಾಗಿ ಹೋಯಿತು. ಎರಡನೆಯದರಲ್ಲಿ ದನಿ ಏರಬೇಕಾದ ಜಾಗಕ್ಕೆ ಸರಿಯಾಗಿ ಪಾದ ಪೆಡಲಿನಿಂದ ಜಾರಿತು. ನೋಡದೆಯೇ ಕಾಲಿನಿಂದ ತಡಕಾಡಿದೆ. ಅವಳು ಓರೆಗಣ್ಣಿನಲ್ಲಿ ನೋಡಿದವಳು ಕೊನೆಯ ಅಕ್ಷರವನ್ನು ಬಿಡಲೇ ಇಲ್ಲ. ಎಳೆದಳು, ಇನ್ನೂ ಎಳೆದಳು. ಕತ್ತಿನ ನರ ಉಬ್ಬಿತು. ಕೀಬೋರ್ಡಿನವನು ಗಾಬರಿಯಿಂದ ತಿರುಗಿದ. ಅಷ್ಟರಲ್ಲಿ ನನ್ನ ಪಾದಕ್ಕೆ ಪೆಡಲ್ ಸಿಕ್ಕಿತು. ಅವಳ ದನಿಯ ಕೆಳಗಿನಿಂದ ಗಿಟಾರ್ ಎದ್ದು ಬಂತು. ಆಗ ಅವಳು ಉಸಿರು ತೆಗೆದುಕೊಂಡಳು.

ವೇದಿಕೆ ಇಳಿಯುವಾಗ ಕೀಬೋರ್ಡಿನವನು ಕೇಳಿದ. “ಏನಮ್ಮಿ, ಅಲ್ಲಿ ಅಷ್ಟುದ್ದ ಎಳ್ದ್ಯಲ್ಲ, ಒಸದಾ?”

“ಊಂ ಕಣಣ್ಣ. ಇನ್ಮೇಲೆ ಅಂಗೇ ಹಾಡೋದು.”

ಈಗ ನನ್ನ ಕಾಲು ತಡವಾಗುವುದಿಲ್ಲ. ಆದರೂ ಆ ಹಾಡು ಬಂದಾಗಲೆಲ್ಲ ಅವಳು ಅಲ್ಲಿ ಅಷ್ಟೇ ಉದ್ದ ಎಳೆಯುತ್ತಾಳೆ. ನಾನೂ ಬೇಕೆಂದೇ ಒಂದಿಷ್ಟು ಕಾಯುತ್ತೇನೆ.