ಅಪ್ಪ ಜೈಲಿನಲ್ಲಿದ್ದ ಗರಿಗಳ ಭಾನುವಾರ

ನಾನು ಚಿಕ್ಕವಳಿದ್ದಾಗ, ಮಾಡದ ತಪ್ಪಿಗೆ ನಮ್ಮಪ್ಪ ಜೈಲು ಸೇರಿದ್ದರು. ಅದನ್ನು ಹೇಳಲು ಕೂತರೆ, ಈ ವಯಸ್ಸಿನಲ್ಲೂ ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಗುತ್ತದೆ.

ಅಪ್ಪ ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಒಂದು ದಿನ ಬಸ್ ಮಾಲೀಕರ ಮಗ ದಾರಿಯಲ್ಲಿ ಹತ್ತಿದ. ಅವನಿಗಿನ್ನೂ ಲೈಸೆನ್ಸ್ ಇರಲಿಲ್ಲ. "ಬಸ್ ನಮ್ದು, ಏಳಯ್ಯ ಮೇಲೆ" ಎಂದು ಅಪ್ಪನನ್ನು ಎಬ್ಬಿಸಿ ತಾನೇ ಕೂತ. ಬಸ್ಸಿನ ತುಂಬ ಜನರಿದ್ದಾರೆ, ಬೇಡವೆಂದು ಅಪ್ಪ ಹೇಳಿದರೂ ಕೇಳಲಿಲ್ಲ. ಒಂದು ತಿರುವಿನಲ್ಲಿ, ಸೈಕಲ್ಲಿಗೆ ಎಳನೀರು ಕಟ್ಟಿಕೊಂಡು ಬರುತ್ತಿದ್ದ ರೈತನಿಗೆ ಗುದ್ದಿಬಿಟ್ಟ. ಹಿಂದೆಯೇ ನಡೆದು ಬರುತ್ತಿದ್ದ ಆತನ ಹೆಂಡತಿ ಎಲ್ಲವನ್ನೂ ಕಂಡಳು. ಹುಡುಗ ಇಳಿದು ಓಡಿಹೋದ. ಅಪ್ಪ ಓಡಲಿಲ್ಲ. ಆ ರೈತ ಅವರ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ಪೊಲೀಸರು ಬಂದು, ರಕ್ತವಾಗಿದ್ದ ಅಂಗಿ ನೋಡಿ, ಅಪ್ಪನನ್ನೇ ಹಿಡಿದರು.

ಅದು ಎಮರ್ಜೆನ್ಸಿ ಕಾಲ. ಸರ್ಕಾರವನ್ನು ಪ್ರಶ್ನೆ ಮಾಡಿದವರನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಪೊಲೀಸರ ಹೆಸರೆತ್ತಿದರೇ ದೊಡ್ಡವರಿಗೂ ನಡುಕ. ಮಾಲೀಕರೋ ಎಲ್ಲ ಅಧಿಕಾರಿಗಳ ಪಕ್ಕ ಕುರ್ಚಿ ಹಾಕಿಸಿಕೊಳ್ಳುವ ಮನುಷ್ಯ. ಅಪ್ಪನಿಗೆ ಜಾಮೀನು ನಿಲ್ಲಲು ಊರಿನಲ್ಲಿ ಒಬ್ಬರೂ ಬರಲಿಲ್ಲ.

ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಬಂತು. ಅಮ್ಮ, ಅಕ್ಕ ಮತ್ತು ನಾನು ತುಮಕೂರಿನ ಚರ್ಚಿಗೆ ಹೊರಟೆವು. ಮೊದಲು ಬಂದದ್ದು ಆ ಮಾಲೀಕರದೇ ಬಸ್ಸು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದ ಕಂಡಕ್ಟರ್ ನಮ್ಮನ್ನು ನೋಡಿ ಮುಖ ತಿರುಗಿಸಿದ. ಅಮ್ಮ ಆ ಬಸ್ಸು ಹತ್ತಲಿಲ್ಲ. ಹೊಂಗೆ ಮರದ ಕೆಳಗೆ, ಉದುರಿದ ಹೂವಿನ ಮೇಲೆ ನಿಂತು ಬೇರೆ ಬಸ್ಸಿಗೆ ಕಾದೆವು.

ಪೂಜೆ ಮುಗಿದ ಮೇಲೆ ಫಾದರ್ ಮಂತ್ರಿಸಿ ಕೊಟ್ಟ ತೆಂಗಿನ ಗರಿ ಹಿಡಿದು ಅದೇ ಊರಿನಲ್ಲಿದ್ದ ಜೈಲಿಗೆ ಹೋದೆವು. ಬಾಗಿಲಿನಲ್ಲಿದ್ದ ಪೇದೆ ಗರಿ ಕಿತ್ತುಕೊಂಡು ಮೂಲೆಗೆಸೆದ. "ಒಳಕ್ಕೆ ಕಸ ಎಲ್ಲ ತರಂಗಿಲ್ಲ" ಎಂದ. ಕಸವಂತೆ! ಅಕ್ಕ ನನ್ನ ರಟ್ಟೆ ಹಿಡಿದುಕೊಳ್ಳದಿದ್ದರೆ ನಾನು ಅವನನ್ನು ಕಚ್ಚಿಬಿಡುತ್ತಿದ್ದೆ.

ಫಿನಾಯಿಲ್ ವಾಸನೆಯ ಆ ಕೋಣೆಯಲ್ಲಿ, ಕಬ್ಬಿಣದ ಜಾಲರಿಯ ಆಚೆ ಅಪ್ಪ ನಿಂತಿದ್ದರು. ಗಡ್ಡ ಬಿಟ್ಟು ಸೊರಗಿದ್ದರು. ಜಪಸರವನ್ನೂ ಕಿತ್ತುಕೊಂಡಿದ್ದರಂತೆ. ನಾನು ಅಳತೊಡಗಿದಾಗ ಅಪ್ಪ ಎರಡೂ ಕೈ ಎತ್ತಿ ಬೆರಳಾಡಿಸಿದರು. "ಬೆರಳು ಅವೆಯಲ್ಲವ್ವ. ಬೆರಳಿಗೊಂದು ನಮೋ ಮರಿಯಾ ಜಪ. ಇವನ್ನ ಯಾರು ಕಿತ್ಕೊಂತಾರೆ?" ಎಂದರು.

ಅಷ್ಟರಲ್ಲಿ ಮಾಲೀಕರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಮೈಯೆಲ್ಲ ಸೆಂಟಿನ ವಾಸನೆ. ಅವರಿಗೆ ಕೂರಲು ಸ್ಟೂಲು ಕೂಡ ಬಂತು.

"ಎಷ್ಟು ದಿನ ಹಿಂಗೆ ಕೊಳೀತೀಯಪ್ಪ? ನಾನೇ ಓಡಿಸ್ತಿದ್ದೆ ಅಂತ ಒಪ್ಕೊಂಬುಡು. ಮಿಕ್ಕಿದ್ದು ಲಾಯರ್ ನೋಡ್ಕೊಂತಾನೆ. ಆಮೇಲೆ ನಿನ್ ಕೆಲ್ಸ ನಿಂಗೇ."

ಅಮ್ಮ ಜಾಲರಿಗೆ ಹಣೆಯಿಟ್ಟು ಅತ್ತಳು. "ಒಪ್ಕೊಂಬುಡಿ. ಈ ಮಕ್ಕಳ ಮುಖ ನೋಡಿ."

ಅಪ್ಪ ನಮ್ಮ ಮುಖ ನೋಡಿದರು. ಆಮೇಲೆ ಅಮ್ಮನಿಗೆ ಹೇಳಿದರು: "ಆ ರೈತನ ಹೆಂಡ್ತಿ ಎದುರಿಗೇ ನಿಂತಿದ್ಲು ಕಣೇ. ಯಾರು ಓಡಿಸ್ತಿದ್ರು ಅಂತ ಅವ್ಳಿಗೆ ಗೊತ್ತು, ದೇವ್ರಿಗೂ ಗೊತ್ತು. ನಾಲ್ಗೆ ಮೇಲೆ ಇಂಥ ಸುಳ್ಳು ಇಟ್ಕೊಂಡು, ಅದೇ ನಾಲ್ಗೆ ಮೇಲೆ ಪೂಜೇಲಿ ಫಾದರ್ ಕೊಡೋ ಪರಮಪ್ರಸಾದ ಹೆಂಗೆ ತಗೊಳ್ಳಿ?"

ಮಾಲೀಕರು ನಕ್ಕರು. "ನಿಮ್ ದೇವ್ರೇ ತಪ್ಪಿಸ್ಕೊಳ್ಳಕಾಗ್ದೆ ಶಿಲುಬೆ ಮೇಲೆ ಸತ್ತ. ನಿನ್ನೇನ್ ಕಾಪಾಡ್ತಾನೆ?"

"ತಪ್ಪಿಸ್ಕೋಬೋದಾಗಿತ್ತು ಸಾವ್ಕಾರ್ರೆ," ಎಂದರು ಅಪ್ಪ ಮೆಲ್ಲಗೆ. "ತಪ್ಪಿಸ್ಕೊಳ್ಳಲಿಲ್ಲ."

ಮಾಲೀಕರು ಸ್ಟೂಲು ಒದ್ದು ಹೋದರು. ಅವರ ಬೂಟಿನ ಸದ್ದು ಅಡಗಿದ ಮೇಲೆ ಅಪ್ಪ ನನ್ನ ಕಡೆ ಬಗ್ಗಿ, "ಅವ್ರ ಮಗನ ಹೆಸ್ರಲ್ಲೂ ಒಂದು ಪ್ರಾರ್ಥನೆ ಹೇಳವ್ವ. ಪಾಪ, ಅವ್ನಿಗೂ ನಿದ್ದೆ ಬರ್ತಿರಕಿಲ್ಲ" ಎಂದರು.

"ನಾನು ಹೇಳಲ್ಲ!" ಎಂದು ಕಿರುಚಿದೆ. ಪೇದೆ ತಿರುಗಿ ನೋಡುವಷ್ಟು ಜೋರಾಗಿ.

ಅಪ್ಪ ಗದರಲಿಲ್ಲ. "ಸರಿ ಬುಡು, ನಿನ್ ಪಾಲಿಂದೂ ನಾನೇ ಹೇಳ್ತೀನಿ" ಎಂದು ನಕ್ಕರು. ಕ್ಷಮಿಸುವುದು ಬೇರೆ, ಸುಳ್ಳಿಗೆ ತಲೆ ಬಾಗುವುದು ಬೇರೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳಾದ ಮೇಲೆ.

ಆ ಈಸ್ಟರನ್ನು ಅಪ್ಪ ಜೈಲಿನಲ್ಲೇ ಕಳೆದರು. ಮಳೆಗಾಲದಲ್ಲಿ ಕೇಸು ಕೋರ್ಟಿಗೆ ಬಂತು. ಸತ್ತ ರೈತನ ಹೆಂಡತಿ ಕಟಕಟೆ ಹತ್ತಿ, ಅಪ್ಪನ ಕಡೆ ಕೈ ತೋರಿಸಿ, "ಇವ್ರಲ್ಲ ಸ್ವಾಮಿ. ನನ್ ಗಂಡನ ಬಾಯಿಗೆ ನೀರು ಬುಟ್ಟೋರು ಇವ್ರು" ಎಂದಳು. ಅವಳನ್ನೂ ಹೆದರಿಸಿದ್ದರಂತೆ, ಅವಳು ಹೆದರಲಿಲ್ಲ. ಅಪ್ಪನನ್ನು ಬಿಟ್ಟರು. ಆದರೆ ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಬಸ್ಸಿನವರು ಯಾರೂ ಕೆಲಸ ಕೊಡಲಿಲ್ಲ. ಅಪ್ಪ ಗುಬ್ಬಿಯ ಕಡೆ ಟ್ರ್ಯಾಕ್ಟರ್ ಓಡಿಸಿಕೊಂಡು ನಮ್ಮನ್ನು ಸಾಕಿದರು. ಮಾಲೀಕರ ಮಗನನ್ನು ಯಾರೂ ಮುಟ್ಟಲಿಲ್ಲ.

ಮಕ್ಕಳೇ, ಈಗ ನಿಮ್ಮ ಸ್ಕೂಲ್ ಬಸ್ಸಿನಲ್ಲಿ ಕ್ಯಾಮೆರಾ ಇದೆ. ಬಸ್ಸು ಎಲ್ಲಿದೆಯೆಂದು ನಿಮ್ಮಮ್ಮನಿಗೆ ಫೋನಿನಲ್ಲೇ ಕಾಣುತ್ತದೆ. ರಸ್ತೆಯಲ್ಲಿ ಯಾರಾದರೂ ಬಿದ್ದರೆ ಹತ್ತಾರು ಫೋನುಗಳು ಮೇಲೇಳುತ್ತವೆ. ಒಳ್ಳೆಯದೇ. ಆದರೆ ನಮ್ಮ ಕಾಲದಲ್ಲೂ ಆ ಬಸ್ಸಿನ ತುಂಬ ಕಣ್ಣುಗಳಿದ್ದವು. ಕಂಡವರಿಗೇನೂ ಕೊರತೆಯಿರಲಿಲ್ಲ. ಬಾಯಿ ಬಿಟ್ಟವಳು ಒಬ್ಬಳೇ, ಅದೂ ಗಂಡನನ್ನು ಕಳೆದುಕೊಂಡವಳು.