ಉಪ್ಪಿನಕಾಯಿ ಪೀಪಾಯಿಯ ಹಿಂದಿನ ಲೋಟ

ಸೆತ್ಸು ಅಜ್ಜಿ ಅಂದೂ ಬಾಯಿ ಬಿಡಲಿಲ್ಲ. ಅಕಿತಾ ಸೀಮೆಯ ಆ ಸಣ್ಣ ಆಸ್ಪತ್ರೆಯಲ್ಲಿ ವಾರದಿಂದ ಇದೇ ರಾಮಾಯಣ. ನ್ಯುಮೋನಿಯಾ ಇಳಿಮುಖವಾಗಿತ್ತು. ಆದರೆ ಬಾಯೊಳಗಿನ ಕೊಳೆ ಮತ್ತೆ ಎದೆಗಿಳಿದರೆ ಈ ವಯಸ್ಸಿಗೆ ಜೀವ ತಡೆಯುವುದಿಲ್ಲ, ಬಾಯಿ ಶುಚಿಯಾಗುವತನಕ ಗಂಜಿಯೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಇವತ್ತೂ ಹಟ ಮಾಡಿದರೆ ನಾಳೆ ಮೂಗಿಗೆ ಆಹಾರದ ನಳಿಗೆ.

ನಳಿಗೆಯೆಂದರೆ ಸೆತ್ಸುವಿಗೆ ಎದೆ ಝಲ್ಲೆನ್ನುತ್ತಿತ್ತು. ಆದರೂ ಬಾಯಿ ತೆರೆಯುವುದು ಹೇಗೆ? ಪಕ್ಕದಲ್ಲೇ ಗಂಡ ಗಿಸಾಕು ಗೂಟ ಹೊಡೆದಂತೆ ಕೂತಿದ್ದಾನೆ.

ಐವತ್ತು ದಾಟುವಾಗ ಅವಳ ಮೇಲಿನ ಹಲ್ಲುಗಳೆಲ್ಲ ಉದುರಿದ್ದವು. ತಂಗಿಯ ಮನೆಗೆಂದು ಹೋಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದವಳು ಗಂಡನೆದುರು ತುಟಿ ಪಿಟಕ್ಕೆನ್ನಲಿಲ್ಲ. ಅವನಿಗೆ ನಿದ್ದೆ ಹತ್ತಿದ ಮೇಲೆ ಸೆಟ್ಟು ತೆಗೆದು ಲೋಟದ ನೀರಿಗೆ ಹಾಕಿ, ಅಡುಗೆಮನೆಯಲ್ಲಿ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿ ಹಿಂದೆ ಬಚ್ಚಿಡುವಳು. ಅವನು ಏಳುವ ಮೊದಲೇ ಎದ್ದು ಹಾಕಿಕೊಳ್ಳುವಳು. ಕೊಡದ ನೀರೂ ಗಡ್ಡೆ ಕಟ್ಟುವ ಚಳಿಯಲ್ಲಿ ಆ ಲೋಟದ ನೀರು ಮಾತ್ರ ಒಮ್ಮೆಯೂ ಹೆಪ್ಪುಗಟ್ಟಿರಲಿಲ್ಲ. ಎಂಥ ಜಾಗ ಹುಡುಕಿದೆ ಎಂದು ಅವಳಿಗೆ ಒಳಗೊಳಗೇ ಜಂಬ.

ಈಗ ಮೈ ಸೊರಗಿ ಸೆಟ್ಟು ಸಡಿಲವಾಗಿತ್ತು. ಇವನನ್ನು ಹೊರಗೆ ಕಳಿಸಿ ಎನ್ನಲು ಬಾಯಿ ತೆರೆದರೂ ಮಡಿಲಿಗೆ ಬಿದ್ದೀತು.

ರೋಗಿಗಳ ಬಾಯಿ ಶುಚಿ ಮಾಡುವ ಕುದೋ ಎಂಬ ಹೆಂಗಸು ಅಂದೇ ಮೊದಲ ಸಲ ಸ್ಪಂಜಿನ ಕಡ್ಡಿ ಹಿಡಿದು ಬಂದಳು. ಅವಳಿಗೇನು ಗೊತ್ತು ಪಾಪ.

"ತಾತ, ಸ್ವಲ್ಪ ಆ ಕಡೆ ಸರೀರಿ. ಅಜ್ಜಿ ಹಲ್ಲಿನ ಸೆಟ್ಟು ತೆಗೀಬೇಕು."

ಮುಗಿಯಿತು. ಸೆತ್ಸು ಕಣ್ಣು ಮುಚ್ಚಿಕೊಂಡಳು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನಿಸಿತು.

"ಅದಕ್ಕಾ ಇವಳು ಬಾಯಿ ಬಿಡ್ತಿಲ್ಲ?" ಗಿಸಾಕು ಕತ್ತು ಕೆರೆದುಕೊಂಡ. "ನಂಗೆ ಗೊತ್ತಮ್ಮ. ಚಳಿಗಾಲದಲ್ಲಿ ರಾತ್ರಿ ಉಚ್ಚೆಗೆ ಎದ್ದಾಗೆಲ್ಲ ಆ ಲೋಟಕ್ಕೆ ಕೆಟಲಿನ ಬಿಸಿನೀರು ಬೆರೆಸಿ ಬರ್ತಿದ್ದೆ. ಇಲ್ದಿದ್ರೆ ಬೆಳಗಾದ್ರೆ ಮಂಜುಗಡ್ಡೆ ಕಚ್ಕೊಂಡು ಓಡಾಡ್ತಿದ್ಲು."

"ಇಷ್ಟು ವರ್ಷ ಗೊತ್ತಿದ್ದೂ ನೀವು—"

ಸೆತ್ಸುವಿನ ಬಾಯಿಯೇನೋ ತೆರೆಯಿತು. ಸೆಟ್ಟು ಜಾರಿತು. ಕುದೋ ಅದನ್ನು ಬಟ್ಟೆಯಲ್ಲಿ ಹಿಡಿದುಕೊಂಡು, ಸಿಕ್ಕಿದ್ದೇ ಸಮಯವೆಂದು ದೀಪ ಹಿಡಿದಳು.

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಜಗಳ ಎಲ್ಲಿಂದ ಬರ್ಬೇಕು?" ಎಂದ ಗಿಸಾಕು.

ಅಂಗುಳಕ್ಕೆ ಅಂಟಿದ ಒಣ ಕಫ ನೆನೆದು ಪದರ ಪದರವಾಗಿ ಎದ್ದು ಬಂತು. ಎಷ್ಟೋ ದಿನದ ಕಹಿ ಹೋಗಿ ನಾಲಿಗೆಗೆ ತಣ್ಣನೆಯ ನೀರಿನ ರುಚಿ ಹತ್ತಿದಾಗ ಸೆತ್ಸುವಿನ ಕಣ್ಣಲ್ಲಿ ನೀರು ಬಂತು. ಮುಖ ಮುಚ್ಚಿಕೊಳ್ಳಲು ಕೈ ಎತ್ತಲಿಲ್ಲ. ಮನಸ್ಸು ಹತ್ತಿಯಷ್ಟು ಹಗುರವಾಗಿತ್ತು.

ಕುದೋ ಸೆಟ್ಟನ್ನು ತೊಳೆದು ಮತ್ತೆ ಹಾಕಿಕೊಟ್ಟಳು. ಡಾಕ್ಟರು ಬಂದು ನೋಡಿದರು, ನಳಿಗೆಯ ಮಾತು ಬಿಟ್ಟರು. ಸಂಜೆಗೆ ಒಂದಿಷ್ಟು ಗಂಜಿ ಬಂತು, ಚಮಚದ ತುದಿಯಲ್ಲಿ. ಉಪ್ಪಿಲ್ಲ, ಖಾರವಿಲ್ಲ. ಆದರೂ ಅವಳು ಚಪ್ಪರಿಸಿ ನುಂಗಿದಳು.

ಗಿಸಾಕು ಮನೆಗೆ ಹೊರಡಲು ಟೋಪಿ ಹಾಕಿಕೊಂಡ. ಸೆತ್ಸು ಅವನೆದುರಿಗೇ ಸೆಟ್ಟು ತೆಗೆದು, ಮಂಚದ ಪಕ್ಕದ ಲೋಟಕ್ಕೆ ಹಾಕಿ, ಲೋಟವನ್ನು ಅವನ ಕೈಗೆ ಚಾಚಿದಳು.

"ನೀರು ಉಗುರುಬೆಚ್ಚಗಿರ್ಲಿ," ಎಂದಳು ಬೊಚ್ಚುಬಾಯಲ್ಲಿ.