ಮೆಟ್ಟಿಲ ಕೆಳಗೆ ಹನ್ನೊಂದು ತತ್ತಿ

ಚಳಿಗಾಲದಲ್ಲಿ ಕೋಳಿಯನ್ನು ಕಾವಿಗೆ ಕೂಡಿಸಬಾರದು ಎಂದು ತಿಳಿದವರೆಲ್ಲ ಹೇಳುತ್ತಾರೆ. ನಾನು ಕೂಡಿಸಿದ್ದೇನೆ. ಅದೂ ನಮ್ಮದಲ್ಲದ, ಬಾಗಿಲು ಚೌಕಟ್ಟು ಕೂಡ ಇಡದ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ. ತಪ್ಪು ಮಾಡಿದೆ ಅಂತ ಇವತ್ತಿಗೂ ಅನ್ನಿಸಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಪುಣೆಯ ಕೋಥರೂಡದಲ್ಲಿ ಆಗ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ವಸತಿ ಸೊಸೈಟಿ ಏಳುತ್ತಿತ್ತು. ಕಲಬುರ್ಗಿ ಕಡೆಯಿಂದ ಬಂದ ನಮ್ಮವರು ಕಟ್ಟಡದ ಹಿಂದೆ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ನನ್ನ ಗಂಡ ಕಬ್ಬಿಣ ಕಟ್ಟುವವ. ನಾನು, ನನ್ನ ಅತ್ತೆ ಘಮೇಲಿ ಅನ್ನುವ ಕಬ್ಬಿಣದ ಬುಟ್ಟಿಯಲ್ಲಿ ಸಿಮೆಂಟು ಕಲಸಿದ ಮಾಲು ಹೊರುವವರು. ಮದುವೆಯಾಗಿ ಬರುವಾಗ ತವರಿನಿಂದ ಐದು ಹೇಂಟೆ, ಒಂದು ಹುಂಜ ಬುಟ್ಟಿಯಲ್ಲಿ ತಂದಿದ್ದೆ.

ಪುಣೆಯ ಚಳಿ ಅವಕ್ಕೆ ಹೊಸದು. ಬೆಳಗಿನ ಜಾವ ತಗಡು ಮುಟ್ಟಿದರೆ ಬೆರಳು ಸೆಟೆಯುತ್ತಿತ್ತು. ಬುಟ್ಟಿಗೆ ಗೋಣಿಚೀಲ ಹೊದಿಸಿದೆ, ಅಡಿಗೆ ಒಲೆಯ ಬೂದಿ ಹಾಕಿದೆ, ಮೈ ಬೆಚ್ಚಗಿರಲಿ ಅಂತ ಸಜ್ಜೆ ಹಾಕಿದೆ, ಕುಡಿಯಲು ಬೆಚ್ಚನೆಯ ನೀರಿಟ್ಟೆ. ಆದರೂ ಎರಡನ್ನು ಬೆಕ್ಕು ಒಯ್ದಿತು, ಎರಡು ಬೇನೆ ಬಂದು ಕತ್ತು ತಿರುಚಿಕೊಂಡು ಸತ್ತವು. ಉಳಿದದ್ದು ಬೂದು ಬಣ್ಣದ ಒಂದು ಹೇಂಟೆ ಮತ್ತು ಹುಂಜ. ಇದೂ ಹೋದರೆ ನನ್ನ ತವರಿನ ತಳಿಯೇ ಹೋದಂತೆ.

ಎಳ್ಳಮಾವಾಸ್ಯೆ ಕಳೆಯಿತು. ಹೇಂಟೆ ಮೈ ಉಬ್ಬಿಸಿಕೊಂಡು ಗೊಣಗುತ್ತ, ಮುಟ್ಟಲು ಹೋದರೆ ಕುಕ್ಕುತ್ತ, ಮೂಲೆ ಹಿಡಿದು ಕೂತಿತು.

“ಚಳ್ಯಾಗ ಬ್ಯಾಡ. ತತ್ತಿ ಹಾಳಾಗ್ತಾವ,” ಎಂದರು ಅತ್ತೆ. “ತಣ್ಣೀರಾಗ ಅದ್ದಿ ತೆಗಿ, ಕಾವು ಇಳೀತದ.”

“ಬಾಣಂತನದಾಗ ನಿಮ್ಮನ್ನ ಯಾರರ ತಣ್ಣೀರಾಗ ಅದ್ದಿದ್ರೇನ್ರಿ, ಅತ್ತಿ?”

“ಬಾಯಿ ನೋಡು ಇದರದು!” ಎಂದು ಬೈದವರೇ ತತ್ತಿಗಳನ್ನು ತಾವೇ ಎಣಿಸಿ ಹನ್ನೆರಡರಲ್ಲಿ ಒಂದನ್ನು ತೆಗೆದಿಟ್ಟರು. ಸರಿಸಂಖ್ಯೆ ಇಡಬಾರದು. ಗುಡುಗಿಗೆ ತತ್ತಿ ಕೆಡಬಾರದೆಂದು ಒಂದು ಇದ್ದಿಲು, ಒಂದು ಮೊಳೆ ಸೇರಿಸಿದರು. ಈ ಚಳಿಯಲ್ಲಿ ಎಲ್ಲಿಯ ಗುಡುಗು ಅಂದೆ. “ಇರವಲ್ದ್ಯಾಕ, ಅದೇನು ಅನ್ನ ಕೇಳ್ತದೇನು?”

ಗುಡಿಸಲಲ್ಲಿ ಗಾಳಿ ನುಗ್ಗುತ್ತಿತ್ತು. ಕಟ್ಟಡದ ಕೆಳಗಿನ ಮೆಟ್ಟಿಲ ಸಂದಿ ಬೆಚ್ಚಗಿತ್ತು. ಅಲ್ಲಿ ಮರಳು, ಹುಲ್ಲು ಹರಡಿ ಹೇಂಟೆಯನ್ನು ಕೂಡಿಸಿದೆವು.

ಒಂಬತ್ತನೆಯ ದಿನ ಸೂಪರ್‌ವೈಸರ್ ಕಣ್ಣಿಗೆ ಬಿತ್ತು. ಇಂದಾಪುರದ ಕಡೆಯ ಮನುಷ್ಯ, ಬಾಯಿತುಂಬ ಎಲೆಯಡಿಕೆ.

“ಬಾಯಿ, ಹೇ ಕಾಯ್?” ಇದೇನಮ್ಮ ಎಂದ. ಮುಂದಿನದೂ ಮರಾಠಿಯೇ. ನಾಳೆಯಿಂದ ಇಲ್ಲಿ ಗೋಡೆಗೆ ಸಿಮೆಂಟಿನ ಗಿಲಾವು ಹಚ್ಚಬೇಕು, ಕೋಳಿ ತೆಗೆ ಅಂದ. ಇನ್ನು ಹನ್ನೆರಡೇ ದಿನ, ಎಬ್ಬಿಸಿದರೆ ಮತ್ತೆ ಕೂಡುವುದಿಲ್ಲ ಅಂದೆ. “ಹಾಗಾದರೆ ಆಮ್ಲೆಟ್ ಮಾಡು,” ಅಂದ. ಸುತ್ತಲಿದ್ದ ಗಂಡಸರು ನಕ್ಕರು.

ಆ ನಗೆ ನನಗೆ ಚುಚ್ಚಿತು. ಬಂದಷ್ಟು ಮರಾಠಿಯಲ್ಲೇ ಹೇಳಿದೆ: ಮಾಲು ಹೊರುವವಳು ನಾನು. ಮೆಟ್ಟಿಲ ಕೆಳಗಿನ ಗೋಡೆಗೆ ಒಂದು ಘಮೇಲಿಯನ್ನೂ ತರುವುದಿಲ್ಲ.

“ನೀನಲ್ಲದಿದ್ದರೆ ಇನ್ನೊಬ್ಬಳು ತರ್ತಾಳೆ.”

ಅತ್ತೆ ತಲೆಯ ಮೇಲಿನ ಭಾರ ಇಳಿಸದೆಯೇ ಮುಂದೆ ಬಂದರು. ಅವರಿಗೆ ಮರಾಠಿ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ. “ಯಾರ ತರ್ತಾರ? ತೋರ್ಸ್ರಿ, ನೋಡೂಣು.” ಹಿಂದೆ ನಮ್ಮ ಆರು ಜನ ಹೆಂಗಸರು ನಿಂತಿದ್ದರು. ಒಬ್ಬಳೂ ಕದಲಲಿಲ್ಲ.

ನಮ್ಮೂರಿನ ಮುದುಕ ಗೌಂಡಿ ಕೈಯಲ್ಲಿನ ಗಾರೆ ಬಳಿಯುವ ಕರಣಿಯನ್ನು ಒರೆಸುತ್ತ ನಡುವೆ ಬಾಯಿ ಹಾಕಿದ. ಗಿಲಾವು ಮೇಲಿನಿಂದ ಕೆಳಗೆ ಬರಬೇಕು, ಇಲ್ಲದಿದ್ದರೆ ಮೇಲಿನ ಹೊಲಸೆಲ್ಲ ಹೊಸ ಗೋಡೆಗೆ ಸಿಡಿಯುತ್ತದೆ ಎಂದ.

“ಇಷ್ಟು ದಿನ ಈ ಬುದ್ಧಿ ಎಲ್ಲಿತ್ತು?”

“ಕೋಳಿ ಕಾವಿಗೆ ಕುಂತಾಗ ಬಂತ್ರಿ, ಸಾಹೇಬ.”

ಈ ಸಲ ನಕ್ಕವರು ನಾವು. ಸೂಪರ್‌ವೈಸರ್ ಉಗುಳಿ, ಕೆಲಸ ನೆಲಕ್ಕೆ ಇಳಿಯುವವರೆಗೆ ಮಾತ್ರ, ಆಮೇಲೆ ಒಂದು ದಿನವೂ ಇಲ್ಲ ಎಂದು ಹೋದ.

ಹೀಗೆ ತೀರ ಮೇಲಿನ ಮಹಡಿಯಿಂದ ಗಿಲಾವು ಇಳಿಯತೊಡಗಿತು. ನಾನು ಹೊತ್ತೊಯ್ದ ಒಂದೊಂದು ಘಮೇಲಿಯೂ ಅದನ್ನು ನನ್ನ ಕೋಳಿಯ ಹತ್ತಿರ ತರುತ್ತಿತ್ತು. ಆದರೂ ಕೆಲಸದಲ್ಲಿ ಕಳ್ಳತನ ಮಾಡಲಿಲ್ಲ. ಮಾಡಿದ್ದರೆ ಅವನ ಮಾತೇ ಗೆಲ್ಲುತ್ತಿತ್ತು.

ಹತ್ತೊಂಬತ್ತನೆಯ ದಿನ ತಪ್ಪಿದ್ದು ನಾನೇ. ಹೊಸ ಗಿಲಾವಿಗೆ ಎರಡು ಹೊತ್ತು ನೀರು ಹೊಡೆಯಬೇಕು. ಮೊದಲನೆಯ ಮಹಡಿಗೆ ಪೈಪು ಹಿಡಿದವಳು, ಮೆಟ್ಟಿಲಿಗೆ ಮರಳಿನ ಒಡ್ಡು ಹಾಕುವುದನ್ನೇ ಮರೆತೆ. ಇಳಿದು ನೋಡಿದರೆ ಹೇಂಟೆ ನೀರಿನಲ್ಲಿ ರೆಕ್ಕೆ ಹರಡಿ ಕೂತಿತ್ತು. ಎದ್ದಿರಲಿಲ್ಲ! ತತ್ತಿಗಳನ್ನು ಮಡಿಲಿಗೆ ಬಾಚಿಕೊಂಡೆ. ಹೊಳೆಯ ಕಲ್ಲಿನಂತೆ ತಣ್ಣಗಿದ್ದವು.

“ಮುಗೀತಲ್ಲ? ಈಗ ತೆಗೆ,” ಎಂದ ಸೂಪರ್‌ವೈಸರ್.

“ನಾಹೀ,” ಎಂದೆ. ಇಲ್ಲ ಅಂತ ಜೋರಾಗಿಯೇ ಹೇಳಿದೆ.

ಅತ್ತೆ ಬಟ್ಟಲಿನಲ್ಲಿ ಉಗುರುಬೆಚ್ಚನೆಯ ನೀರು ತಂದರು. ಜೀವವಿದ್ದ ತತ್ತಿ ನೀರಿನಲ್ಲಿ ತಾನಾಗಿ ಅಲುಗುತ್ತದೆ. ಮೊದಲನೆಯದು ಸುಮ್ಮನೆ ತೇಲಿತು. ಎರಡನೆಯದೂ. ಮೂರನೆಯದು, ಕಣ್ಣೆವೆ ಹಾರಿದಷ್ಟು, ಕದಲಿತು. “ಅದಽ ನೋಡು!” ಎಂದರು ಅತ್ತೆ. ಸೂಪರ್‌ವೈಸರ್ ಕೂಡ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ನಾಲ್ಕು ಸತ್ತಿದ್ದವು, ಏಳು ಅಲುಗಿದವು. ಒಲೆಯ ಮೇಲೆ ಮರಳು ಕಾಯಿಸಿ ಹೊಸ ಹಾಸು ಮಾಡಿದೆವು. ಹೇಂಟೆಯನ್ನು ಸೆರಗಿನಿಂದ ಒರೆಸಿ ಕೂಡಿಸಿದೆ. ನನ್ನ ಕೈಗೆ ರಕ್ತ ಬರುವಂತೆ ಕುಕ್ಕಿತು. ಕುಕ್ಕಲಿ ಅಂದೆ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಗೌಂಡಿ ಮೆಟ್ಟಿಲ ಕೆಳಗಿನ ಗೋಡೆಗೆ ಬಂದ. ಆರು ಮರಿ ಆಗಿದ್ದವು. ಏಳನೆಯ ತತ್ತಿ ಒಂದು ಕಡೆ ಬಿರಿದು ನಿಂತಿತ್ತು. ಗೌಂಡಿ ಬೀಡಿ ಹಚ್ಚಿ ಕೂತ. ಹೆಂಗಸರು ಘಮೇಲಿ ಬೋರಲು ಹಾಕಿ ಅವುಗಳ ಮೇಲೆಯೇ ಕೂತರು. ಸೂಪರ್‌ವೈಸರ್ ಗಡಿಯಾರ ನೋಡಿದ, ಬಾಗಿಲ ಜಾಗದಲ್ಲಿ ನಿಂತ, ಮತ್ತೆ ನೋಡಿದ. ಯಾರೂ ಏಳಲಿಲ್ಲ.

ಬಿಸಿಲು ಒಳಗೆ ಬರುವ ಹೊತ್ತಿಗೆ ಕೊನೆಯದೂ ಚಿಪ್ಪು ಒದ್ದು ಹೊರಬಿತ್ತು, ಒದ್ದೆಮುದ್ದೆ. ಅದು ಆರುವವರೆಗೂ ಕಾದು, ಏಳನ್ನೂ ಬುಟ್ಟಿಗೆ ಹಾಕಿಕೊಂಡೆ. ಕೂಲಿಯವರು ಓಡಾಡುವ ಹಿಂದಿನ ಕಿಂಡಿಯಿಂದಲ್ಲ, ಮುಂಬಾಗಿಲಿನಿಂದಲೇ ಹೊರಟೆ. ಹೇಂಟೆ ರೆಕ್ಕೆ ಕೆದರಿಕೊಂಡು ಹಿಂದೆ ಹಿಂದೆ. ದಾರಿಗಡ್ಡ ಸೂಪರ್‌ವೈಸರ್ ನಿಂತಿದ್ದ. ಹೇಂಟೆ ಅವನ ಬೂಟಿಗೆ ಒಮ್ಮೆ ಕುಕ್ಕಿತು.

ಅವನೇ ಸರಿದ.